ಗ್ರಾಮೀಣ ಭಾಗದ ಹಳೆಯ ಸೇತುವೆಗಳ ದುರಸ್ತಿ: ಸಾರ್ವಜನಿಕರ ಮಾಹಿತಿಗಾಗಿ

ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳು ಹರಿಯುತ್ತವೆ. 2019ರ ಆಗಸ್ಟ್ ತಿಂಗಳಿನಲ್ಲಿ ಮಲಪ್ರಭಾ ನದಿಯು ಉಕ್ಕಿ ಹರಿದು, ಬಾದಾಮಿ ಮತ್ತು ಹುನಗುಂದ ಭಾಗದ ನದಿ ದಂಡೆಯ ಗ್ರಾಮಗಳು ಜಲಾವೃತಗೊಂಡವು. ಪಟ್ಟದಕಲ್ಲಿನ ದೇವಾಲಯಗಳಿಗೂ ನೀರು ನುಗ್ಗಿತು.

ಪ್ರವಾಹದ ರಭಸಕ್ಕೆ ಸೇತುವೆಯ ಕಂಬಗಳ ಬುಡದ ಮಣ್ಣು ಕೊರೆದುಹೋಗುತ್ತದೆ. ನೀರು ಇಳಿಯುವಾಗ ಆ ಗುಂಡಿಯಲ್ಲಿ ಹೂಳು ತುಂಬುವುದರಿಂದ ಮೇಲ್ನೋಟಕ್ಕೆ ಹಾನಿ ಕಾಣುವುದಿಲ್ಲ. ಆದುದರಿಂದ ಮುಳುಗಿದ್ದ ಸೇತುವೆಯನ್ನು ಇಂಜಿನಿಯರರು ಪರಿಶೀಲಿಸುವವರೆಗೆ ಅದರ ಮೇಲೆ ಕಬ್ಬಿನ ಟ್ರ್ಯಾಕ್ಟರ್, ಗ್ರಾನೈಟ್ ಲಾರಿ ಮುಂತಾದ ಭಾರದ ವಾಹನಗಳನ್ನು ಚಲಾಯಿಸಬಾರದು.

ಕೊರೆದ ಬುಡಕ್ಕೆ ದೊಡ್ಡ ಕಲ್ಲುಗಳನ್ನು ಹಾಸಿ ಅಥವಾ ಕಾಂಕ್ರೀಟ್ ಹಾಕಿ ರಕ್ಷಣೆ ಒದಗಿಸಲಾಗುತ್ತದೆ. ಬಿರುಕುಗಳಿಗೆ ಸಿಮೆಂಟ್ ಗಾರೆಯನ್ನು ಒತ್ತಡದಿಂದ ತುಂಬಲಾಗುತ್ತದೆ. ತುಕ್ಕು ಹಿಡಿದ ಸಲಾಕೆಗಳನ್ನು ಶುಚಿಗೊಳಿಸಿ ಪುನಃ ಕಾಂಕ್ರೀಟ್ ಹೊದಿಸಲಾಗುತ್ತದೆ. ಕಲ್ಲಿನ ಸಂದಿಯಲ್ಲಿ ಬೆಳೆದ ಅರಳಿ ಗಿಡವನ್ನು ಮೇಲೆ ಕತ್ತರಿಸಿದರೆ ಪ್ರಯೋಜನವಿಲ್ಲ, ಬೇರು ಸಹಿತ ತೆಗೆಯಬೇಕು. ಮಳೆನೀರು ಹೊರಹೋಗುವ ರಂಧ್ರಗಳು ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ಅಲ್ಪ ವೆಚ್ಚದ ಕೆಲಸವಾದರೂ ಸೇತುವೆಯ ಬಾಳಿಕೆ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳ ಸೇತುವೆಗಳಿಗೆ ಲೋಕೋಪಯೋಗಿ ಇಲಾಖೆಯ ಉಪವಿಭಾಗ ಕಚೇರಿಗೂ, ಗ್ರಾಮೀಣ ರಸ್ತೆಗಳ ಸೇತುವೆಗಳಿಗೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗಕ್ಕೂ ಲಿಖಿತ ಮನವಿ ಸಲ್ಲಿಸಬಹುದು. ರಸ್ತೆ ಯಾವ ವರ್ಗಕ್ಕೆ ಸೇರಿದೆ ಎಂಬುದು ತಿಳಿಯದಿದ್ದಲ್ಲಿ ಗ್ರಾಮ ಪಂಚಾಯತಿಯಲ್ಲಿ ವಿಚಾರಿಸತಕ್ಕದ್ದು. ಮನವಿಯಲ್ಲಿ ಗ್ರಾಮ, ಹಳ್ಳ ಅಥವಾ ನದಿಯ ಹೆಸರು, ಕಂಡುಬಂದ ಹಾನಿ ಹಾಗೂ ದಿನಾಂಕವನ್ನು ನಮೂದಿಸಿ, ಛಾಯಾಚಿತ್ರ ಲಗತ್ತಿಸಿ, ಸ್ವೀಕೃತಿ ಪಡೆಯತಕ್ಕದ್ದು. ಬುಡದ ಕೆಲಸಕ್ಕೆ ಬೇಸಿಗೆಯೇ ಸೂಕ್ತ ಕಾಲ. ಅಂದಾಜು ಪಟ್ಟಿ ಮತ್ತು ಟೆಂಡರ್‌ಗೆ ಸಮಯ ಬೇಕಾಗುವುದರಿಂದ ಮಳೆಗಾಲ ಮುಗಿದ ಕೂಡಲೇ ಮನವಿ ನೀಡುವುದು ಉತ್ತಮ.