ಯಶಸ್ವಿನಿ ನಡೆದು ಬಂದ ದಾರಿ

ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಕಾರ್ಯದರ್ಶಿಗಳು ಕೇಳಿದಾಗ, ಎಸ್.ಎಸ್.ಎಲ್.ಸಿ. ಮುಗಿಸಿ ಆರಂಬಕ್ಕೆ ಇಳಿದ ನಾನು ಏನು ಬರೆಯಲಿ ಅಂತ ಯೋಚನೆಯಾಯಿತು. ಹಾಲಿನ ಲೆಕ್ಕ ವರದಿಯಲ್ಲಿ ಇದ್ದೇ ಇದೆ. ಅದಕ್ಕೇ ಯಶಸ್ವಿನಿಯ ಚರಿತ್ರೆ ಬರೆಯುತ್ತಿದ್ದೇನೆ.

ಸಹಕಾರ ಎಂದರೆ ಸಾಲ, ಗೊಬ್ಬರ, ಹಾಲು ಎಂದೇ ನಮ್ಮ ಹಿರಿಯರು ತಿಳಿದಿದ್ದರು. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘವೂ ಸಾಲದ ಸಂಘವೇ. ಆದರೆ ಮಳೆ ಕೈಕೊಟ್ಟರೆ ರೈತನಿಗೆ ಒಂದು ವರ್ಷದ ಕಷ್ಟ. ಮನೆಯಲ್ಲೊಬ್ಬರಿಗೆ ಆಪರೇಷನ್ ಬಂದರೆ ಹಸು, ಒಡವೆ, ಕೊನೆಗೆ ಜಮೀನು.

ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರು, ಸಹಕಾರ ಇಲಾಖೆಯ ಹಿರಿಯ ಅಧಿಕಾರಿಗಳು ಕೂತು ಲೆಕ್ಕ ಹಾಕಿದರು. ಖಾಸಗಿ ಆಸ್ಪತ್ರೆಗಳಲ್ಲಿ ಹಾಸಿಗೆ ಖಾಲಿ ಇವೆ. ಹಳ್ಳಿಗಳಲ್ಲಿ ಸಂಘಗಳಿವೆ, ಸದಸ್ಯರ ಪಟ್ಟಿ ಇದೆ, ವಸೂಲಿಗೆ ಕಾರ್ಯದರ್ಶಿ ಇದ್ದಾರೆ. ತಲೆಗೆ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಎಲ್ಲರೂ ಕಟ್ಟಿದರೆ, ಆಪರೇಷನ್ ಬೇಕಾದ ಕೆಲವರ ಖರ್ಚು ತೂಗಬಹುದು. 2002ರ ನವೆಂಬರ್ 14ರಂದು ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರು ಉದ್ಘಾಟಿಸಿದರು. 2003ರ ಜೂನ್ 1ರಿಂದ ಚಿಕಿತ್ಸೆ ಶುರುವಾಯಿತು. ನಡೆಸಲು ಲಾಭದ ಆಸೆಯಿಲ್ಲದ ಒಂದು ಟ್ರಸ್ಟ್ ಏರ್ಪಟ್ಟಿತು. ಯಾವ ಆಪರೇಷನ್ನಿಗೆ ಎಷ್ಟು ಎಂದು ಮೊದಲೇ ದರ ಗೊತ್ತುಮಾಡಿ ಆಸ್ಪತ್ರೆಗಳೊಂದಿಗೆ ಒಪ್ಪಂದ ಮಾಡಿಕೊಂಡರು. 1600ಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆ ಸೇರಿದ್ದವು. ಜ್ವರ, ಕೆಮ್ಮಿನ ಔಷಧಿಗೆ ಮಾತ್ರ ಇಲ್ಲ. ಸರ್ಕಾರವೂ ತನ್ನ ಪಾಲು ಹಾಕಿತು. ಮೊದಲ ವರ್ಷ ಸುಮಾರು 16 ಲಕ್ಷ ಜನ ಸೇರಿದರು, ಎರಡನೇ ವರ್ಷ 20 ಲಕ್ಷ ದಾಟಿತು.

ಆಗ ನನಗೆ ಇಪ್ಪತ್ತರ ಮೇಲೆ ಒಂದೆರಡು ವರ್ಷ. ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ರಸೀದಿ ಪುಸ್ತಕ ಹಿಡಿದು ಡೇರಿ ಬಾಗಿಲಲ್ಲಿ ಕೂರುತ್ತಿದ್ದೆ. "ಕಾಯಿಲೆ ಬರಲಿ ಅಂತ ಮುಂಚೆನೇ ದುಡ್ಡು ಕಟ್ಟಬೇಕೇನೋ?" ಎಂದು ರೇಗಿದವರುಂಟು. ಬಟವಾಡೆಯಲ್ಲಿ ಹಿಡಿದುಕೊಳ್ಳುತ್ತೇವೆ ಅಂದ ಮೇಲೆ ಎಷ್ಟೋ ಜನ ಒಪ್ಪಿದರು.

2005ರಲ್ಲಿ 60 ಇದ್ದದ್ದು 120 ಆಯಿತು. ರಾಜ್ಯದಲ್ಲಿ ಸದಸ್ಯರ ಸಂಖ್ಯೆ 15 ಲಕ್ಷಕ್ಕಿಂತ ಕೆಳಗಿಳಿಯಿತು. ನಮ್ಮ ದೊಡ್ಡಪ್ಪನೂ ಬಿಟ್ಟರು. "ಎರಡು ವರ್ಷ ಕಟ್ಟಿದ್ದು ವಾಪಸ್ ಬಂತೇನಪ್ಪಾ?" ಅಂದರು. ನಾನೂ ಒತ್ತಾಯ ಮಾಡಲಿಲ್ಲ. ಆ ವರ್ಷವೇ ಅವರಿಗೆ ಮೂತ್ರಪಿಂಡದಲ್ಲಿ ಕಲ್ಲು, ಆಪರೇಷನ್. ಕರೆಯುವ ಎರಡು ಸೀಮೆಹಸು ಮಾರಿದರು. ಒಂದು ವರ್ಷ ಅವರ ಮನೆಯಿಂದ ಡೇರಿಗೆ ಹಾಲು ಬರಲಿಲ್ಲ. "ಕಟ್ಟಿಸಿಕೊಳ್ಳದೆ ಬಿಟ್ಟೆಯಲ್ಲೋ" ಎಂದು ಒಂದು ದಿನವೂ ಅವರು ನನ್ನನ್ನು ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿದರು. ಸಂಘದಲ್ಲಿ ಕಟ್ಟುವುದು ನಿಂತುಹೋಯಿತು. ಸಹಕಾರಿಗಳು ಕೇಳುತ್ತಲೇ ಇದ್ದರು. 2022ರ ನವೆಂಬರ್‌ನಲ್ಲಿ ಮತ್ತೆ ನೋಂದಣಿ ತೆರೆದು, 2023ರ ಜನವರಿ 1ರಿಂದ ಚಿಕಿತ್ಸೆ ಕೊಟ್ಟರು. ನಾಲ್ವರ ಕುಟುಂಬಕ್ಕೆ ಗ್ರಾಮೀಣ ಸಂಘದವರಿಗೆ 500 ರೂಪಾಯಿ, ನಗರದವರಿಗೆ 1000. ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಸುತ್ತ ಲೇಔಟು ಎದ್ದಿರುವ ನಮ್ಮ ಯಲಹಂಕದ ಕಡೆ ನಾವು ಹಳ್ಳಿಯವರೋ ಪೇಟೆಯವರೋ ಎಂದು ಡೇರಿ ಜಗಲಿಯ ಮೇಲೆ ಒಂದು ವಾರ ವಾದ ನಡೆಯಿತು.

ಆ ಸಲದ ಪಟ್ಟಿಯಲ್ಲಿ ಮೊದಲ ಹೆಸರು ದೊಡ್ಡಪ್ಪನ ಮಗನ ಕುಟುಂಬದ್ದು. ನಾನೇ ಬರೆದೆ. ಬಟವಾಡೆಗೂ ಕಾಯಲಿಲ್ಲ.