ಎ.ಐ.ಆರ್. ಎಂಬ ಹಲಗೆ

ನನ್ನ ಓರಗೆಯವರಿಗೆ ಎ.ಐ.ಆರ್. ಎಂದರೆ ಆಕಾಶವಾಣಿ. ಧಾರವಾಡ ಕೇಂದ್ರದ ಹಾಡು, ನಾಟಕ, ವಾರ್ತೆಗಳನ್ನು ಬಿಟ್ಟು ಆ ಮೂರಕ್ಷರಕ್ಕೆ ಬೇರೊಂದು ಅರ್ಥವಿದ್ದೀತೆಂದು ನಾನು ಎಣಿಸಿರಲಿಲ್ಲ. ಹೀಗಿರುವಾಗ ನ್ಯೂಯಾರ್ಕಿನ ಹಳೆಯ ಛಾಯಾಚಿತ್ರವೊಂದರಲ್ಲಿ, ಮಸಿ ಹಿಡಿದ ಕಾರ್ಖಾನೆಯ ಬಾಗಿಲ ಪಕ್ಕ ‘ಎ.ಐ.ಆರ್., 3ನೆಯ ಅಂತಸ್ತು’ ಎಂಬ ಸಣ್ಣ ಹಲಗೆ ಕಂಡು ನಗು ಬಂತು. ಅದು ರೇಡಿಯೋ ನಿಲಯವಲ್ಲ. ‘ಆರ್ಟಿಸ್ಟ್ ಇನ್ ರೆಸಿಡೆನ್ಸ್’, ಅಂದರೆ ಇಲ್ಲಿ ಕಲಾವಿದನೊಬ್ಬ ವಾಸವಾಗಿದ್ದಾನೆ ಎಂದು ಅದರ ಅರ್ಥ. ಅದನ್ನು ಓದಬೇಕಾಗಿದ್ದವರು ಕಲಾರಸಿಕರಲ್ಲ, ಬೆಂಕಿ ಆರಿಸುವವರು. ಕಟ್ಟಡಕ್ಕೆ ಕಿಚ್ಚು ಹತ್ತಿದರೆ ಮೇಲೆ ಮನುಷ್ಯರಿದ್ದಾರೆ, ಮರೆಯಬೇಡಿ ಎಂಬ ಸೂಚನೆ.

ಆ ಹಲಗೆಯ ಹಿಂದಿನ ಕಥೆಯನ್ನು ನಾನು ಹುಡುಕಿ ಓದಿದ್ದಕ್ಕೆ ಕಾರಣವಿದೆ. ನಾನು ಗುಳೇದಗುಡ್ಡದ ನೇಕಾರರ ಮನೆಯಲ್ಲಿ ಹುಟ್ಟಿದವನು. ಪಡಸಾಲೆಯಲ್ಲೇ ಗುಂಡಿಮಗ್ಗ. ಅಪ್ಪ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಖಣ ನೇಯುತ್ತಿದ್ದರೆ ಅದರ ಪಕ್ಕದಲ್ಲೇ ನಾವು ಉಣ್ಣುತ್ತಿದ್ದೆವು, ಓದುತ್ತಿದ್ದೆವು, ಮಲಗುತ್ತಿದ್ದೆವು. ಲಾಳಿಯ ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ದುಡಿಯುವ ಜಾಗದಲ್ಲಿ ಬದುಕುವುದು ಕಾನೂನಿನ ಕಣ್ಣಿಗೆ ತಪ್ಪಾದೀತೆಂಬುದು ನನಗೆ ಹೊಸ ಸಂಗತಿಯಾಗಿತ್ತು.

ಮ್ಯಾನ್‌ಹಟನ್ನಿನಲ್ಲಿ ಹೌಸ್ಟನ್ ಬೀದಿಯ ದಕ್ಷಿಣಕ್ಕಿರುವ ಆ ಭಾಗವನ್ನು ಈಗ ಸೋಹೋ ಎನ್ನುತ್ತಾರೆ. ಒಂದು ಕಾಲಕ್ಕೆ ಅದೂ ಬಟ್ಟೆಯ ಊರೇ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಟ್ಟೆ ವ್ಯಾಪಾರಿಗಳೂ ಕಾರ್ಖಾನೆಯವರೂ ಅಲ್ಲಿ ಎರಕದ ಕಬ್ಬಿಣದ ಮುಖವುಳ್ಳ ಐದಾರು ಅಂತಸ್ತಿನ ಮಳಿಗೆಗಳನ್ನು ಸಾಲಾಗಿ ಕಟ್ಟಿಸಿದರು. ಅಲ್ಲಿನ ‘ಲಾಫ್ಟ್’ ಎಂದರೆ ನಮ್ಮ ಮನೆಯ ಅಟ್ಟವಲ್ಲ. ಅಡ್ಡಗೋಡೆಯಿಲ್ಲದ ಇಡೀ ಒಂದು ಅಂತಸ್ತು. ಎತ್ತರದ ಚಾವಣಿ, ದೊಡ್ಡ ಕಿಟಕಿ, ಯಂತ್ರಗಳ ಭಾರ ತಡೆಯುವ ನೆಲ, ಸಾಮಾನು ಸಾಗಿಸುವ ಲಿಫ್ಟು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾರ್ಖಾನೆಗಳು ಒಂದೊಂದಾಗಿ ಊರ ಹೊರಗೆ ಸರಿದವು. ಪದೇ ಪದೇ ಬೆಂಕಿ ಬೀಳುತ್ತಿದ್ದುದರಿಂದ ಅಗ್ನಿಶಾಮಕ ದಳದವರು ಆ ಜಾಗವನ್ನು ‘ನರಕದ ನೂರು ಎಕರೆ’ ಎಂದು ಕರೆದರು. ದೊಡ್ಡ ಚಿತ್ರ ಬರೆಯುವವರಿಗೆ, ಕಬ್ಬಿಣ ಬೆಸೆಯುವವರಿಗೆ, ಕುಣಿಯುವವರಿಗೆ ಬೇಕಾದ ಜಾಗ ಇದೇ, ಬಾಡಿಗೆಯೂ ಅಗ್ಗ.

ಆದರೆ ಅದು ಕೈಗಾರಿಕಾ ವಲಯ. ಅಲ್ಲಿ ಕೆಲಸ ಮಾಡಬಹುದು, ಮಲಗಬಾರದು. ಮಲಗುವವರು ರಾತ್ರಿ ದೀಪ ಕಾಣದಂತೆ ಕಿಟಕಿಗೆ ದಪ್ಪ ಪರದೆ ಕಟ್ಟಿದರು, ತನಿಖೆಯವರು ಬಂದರೆ ಹಾಸಿಗೆ ಒಲೆಗಳನ್ನು ಮರೆಮಾಡಿದರು. ಕಾರ್ಖಾನೆಯ ವೇಳೆ ಮುಗಿದೊಡನೆ ಕಟ್ಟಡವನ್ನು ಬೆಚ್ಚಗಿಡುವ ವ್ಯವಸ್ಥೆಯೂ ನಿಲ್ಲುತ್ತಿತ್ತು. ಹಿಮದ ರಾತ್ರಿಗಳನ್ನು ಕೋಟು ತೊಟ್ಟೇ ಕಳೆಯಬೇಕು. ಕೊನೆಗೆ ಕಲಾವಿದರು ಬಾಡಿಗೆದಾರರ ಸಂಘ ಕಟ್ಟಿದರು. ತಮ್ಮ ಕೃತಿಗಳನ್ನು ಪ್ರದರ್ಶನಕ್ಕೇ ಕೊಡುವುದಿಲ್ಲವೆಂದು 1961ರಲ್ಲಿ ಮುಷ್ಕರದ ಬೆದರಿಕೆ ಹಾಕಿದರು. ಆಗ ನಗರಾಡಳಿತ ಒಪ್ಪಿಕೊಂಡದ್ದೇ ಎ.ಐ.ಆರ್. ಹಲಗೆ. 1964ರಲ್ಲಿ ರಾಜ್ಯದ ಕಾನೂನಿನಲ್ಲೂ ಕಲಾವಿದರಿಗಾಗಿ ಒಂದು ಕಲಮು ಸೇರಿತು.

ಆದರೂ ತಲೆಯ ಮೇಲೆ ಕತ್ತಿ ತೂಗುತ್ತಿತ್ತು. ರಾಬರ್ಟ್ ಮೋಸೆಸ್ ಎಂಬ ಬಲಾಢ್ಯ ಅಧಿಕಾರಿ ಆ ಬೀದಿಗಳನ್ನು ಕೆಡವಿ ಎತ್ತರದ ಹೆದ್ದಾರಿಯೊಂದನ್ನು ಹಾಯಿಸಲು ಹೊರಟಿದ್ದ. ಜೇನ್ ಜೇಕಬ್ಸ್ ಮತ್ತು ನೆರೆಹೊರೆಯವರ ಹೋರಾಟಕ್ಕೆ ಕಲಾವಿದರೂ ದನಿಗೂಡಿಸಿದರು. 1969ರಲ್ಲಿ ಆ ಯೋಜನೆ ಬಿದ್ದುಹೋಯಿತು.

ಈ ನಡುವೆ ಸಹಕಾರದ ಮಾತು ತೆಗೆದವನು ಜಾರ್ಜ್ ಮಚೂನಾಸ್. ಲಿಥುವೇನಿಯಾದಲ್ಲಿ 1931ರಲ್ಲಿ ಹುಟ್ಟಿದವನು, ವಾಸ್ತುಶಿಲ್ಪ ಓದಿದವನು, ‘ಫ್ಲಕ್ಸಸ್’ ಎಂಬ ತುಂಟ ಕಲಾಪಂಥದ ಸೂತ್ರಧಾರ. ಶಿಲ್ಪಿ ಡೊನಾಲ್ಡ್ ಜಡ್ 1968ರಲ್ಲಿ ಸ್ಪ್ರಿಂಗ್ ಬೀದಿಯ ಐದಂತಸ್ತಿನ ಕಟ್ಟಡವೊಂದನ್ನು 68,000 ಡಾಲರಿಗೆ ಒಬ್ಬನೇ ಕೊಂಡ. ಅಂಥ ಶಕ್ತಿ ಎಷ್ಟು ಜನಕ್ಕಿತ್ತು? ಮಚೂನಾಸನ ಲೆಕ್ಕ ಸರಳ: ಹತ್ತು ಜನ ಸೇರಿ ಮುಂಗಡ ಹಾಕುವುದು, ಸಂಘದ ಹೆಸರಿನಲ್ಲಿ ಕಟ್ಟಡ ಕೊಳ್ಳುವುದು, ಒಬ್ಬೊಬ್ಬರಿಗೆ ಪಾಲುಪತ್ರ ಮತ್ತು ಅದರೊಂದಿಗೆ ಒಂದೊಂದು ಜಾಗ, ಸಾಲದ ಕಂತು, ರಿಪೇರಿಯ ಖರ್ಚನ್ನು ತಿಂಗಳು ತಿಂಗಳು ಹಂಚಿಕೊಳ್ಳುವುದು. ಒಂದು ಪ್ರತಿಷ್ಠಾನವೂ ಸರ್ಕಾರದ ಕಲಾನಿಧಿಯೂ ಮೊದಲಲ್ಲಿ ಕೈ ಹಿಡಿದವು. 1967ರಲ್ಲಿ ವೂಸ್ಟರ್ ಬೀದಿಯ 80ನೆಯ ನಂಬರಿನ ಕಟ್ಟಡ ಹೀಗೆ ಕಲಾವಿದರದಾಯಿತು. ನೆಲ ಅಂತಸ್ತಿನಲ್ಲಿ ಜೋನಾಸ್ ಮೇಕಸ್ ಹೊಸ ಬಗೆಯ ಚಲನಚಿತ್ರಗಳನ್ನು ತೋರಿಸಿದ. ನೆಲಮಾಳಿಗೆಯಲ್ಲಿ ಮಚೂನಾಸನೇ ಇದ್ದ. 1970ರಲ್ಲಿ ಟ್ರಿಷಾ ಬ್ರೌನ್ ಎಂಬ ನೃತ್ಯ ಸಂಯೋಜಕಿ ಅದೇ ಕಟ್ಟಡದ ಮಾಳಿಗೆಯಿಂದ, ಹಗ್ಗ ಬಿಗಿದ ಮನುಷ್ಯನೊಬ್ಬನನ್ನು ಗೋಡೆಯ ಮೇಲೆ ನಡೆಯುತ್ತ ನೆಲಕ್ಕೆ ಇಳಿಯುವಂತೆ ಮಾಡಿದಳು. ತಮ್ಮದೇ ಗೋಡೆ, ಕೇಳುವವರಾರು?

ಕೇಳುವವರು ಇದ್ದರು. ಪಾಲು ಮಾರುವ ಮೊದಲು ರಾಜ್ಯಕ್ಕೆ ಸಲ್ಲಿಸಬೇಕಾದ ವಿವರಪತ್ರವನ್ನು ಮಚೂನಾಸ್ ಸಲ್ಲಿಸಿರಲಿಲ್ಲ. ಒಂದು ಕಟ್ಟಡದ ಹಣವನ್ನು ಇನ್ನೊಂದಕ್ಕೆ ತಿರುಗಿಸುತ್ತಿದ್ದ. ಸರ್ಕಾರಿ ವಕೀಲರು ಹುಡುಕಿಕೊಂಡು ಬಂದಾಗ ಬಾಗಿಲಿಗೆ ಹರಿತವಾದ ಅಲಗು ಜೋಡಿಸಿ ಒಳಗೆ ಕೂತ. 1975ರಲ್ಲಿ, ವಿದ್ಯುತ್ ಕೆಲಸದ ಬಾಕಿಯ ಜಗಳದಲ್ಲಿ ಗೂಂಡಾಗಳು ಹೊಡೆದು ಒಂದು ಕಣ್ಣು ಹೋಯಿತು. ಮರುವರ್ಷ ಮಸಾಚುಸೆಟ್ಸಿಗೆ ಹೊರಟುಹೋದವನು 1978ರಲ್ಲಿ ತೀರಿಕೊಂಡ. ಅಷ್ಟರೊಳಗೆ ಹತ್ತಕ್ಕೂ ಹೆಚ್ಚು ಸಹಕಾರಿ ಕಟ್ಟಡಗಳು ಅವನ ಕೈಯಲ್ಲಿ ಎದ್ದಿದ್ದವು.

ಕಾನೂನು ನಿಧಾನವಾಗಿ ಹಿಂದೆ ಬಂತು. 1971ರಲ್ಲಿ, ನಗರದ ಪ್ರಮಾಣಪತ್ರ ಪಡೆದ ಕಲಾವಿದರು ಸೋಹೋದಲ್ಲಿ ವಾಸಿಸಬಹುದೆಂದಾಯಿತು. 1973ರಲ್ಲಿ ಆ ಬೀದಿಗಳು ಐತಿಹಾಸಿಕ ವಲಯವೆನಿಸಿದವು. ಗೆದ್ದೆವು ಎಂದುಕೊಂಡಾಗಲೇ ಬೆಲೆ ಏರತೊಡಗಿತು. ಗ್ಯಾಲರಿಗಳು ಬಂದವು, ಹಿಂದೆಯೇ ಹೋಟೆಲು, ಉಡುಪಿನ ಅಂಗಡಿ, ಹಣವಂತರು. ಬಾಡಿಗೆಯಲ್ಲಿದ್ದ ಎಷ್ಟೋ ಕಲಾವಿದರು ಜಾಗ ಖಾಲಿ ಮಾಡಿದರು. ಅಂಥವರ ರಕ್ಷಣೆಗೆ 1982ರಲ್ಲಿ ‘ಲಾಫ್ಟ್ ಕಾನೂನು’ ಬರಬೇಕಾಯಿತು. ಪಾಲುಪತ್ರ ಇದ್ದವರು ಉಳಿದರು. ಇಲ್ಲವೆ ಒಳ್ಳೆಯ ಬೆಲೆಗೆ ಮಾರಿ ಹೋದರು. 2021ರ ಡಿಸೆಂಬರಿನಲ್ಲಿ, ಕಲಾನಿಧಿಗೆ ಶುಲ್ಕ ಕಟ್ಟಿದರೆ ಕಲಾವಿದರ ಮನೆಯನ್ನು ಸಾಮಾನ್ಯ ಮನೆಯಾಗಿಸಬಹುದೆಂದು ನಗರ ಪರಿಷತ್ತು ನಿಯಮ ಮಾಡಿತು. ಆ ಶುಲ್ಕದ ವಿಷಯ ನ್ಯಾಯಾಲಯವನ್ನೂ ಹತ್ತಿತು.

ಇನ್ನೊಂದು ಮಾತನ್ನು ನೇಕಾರನ ಮಗನಾದ ನಾನು ಮರೆಯಲಾರೆ. 1963ರಲ್ಲಿ ಚೆಸ್ಟರ್ ರ‍್ಯಾಪ್ಕಿನ್ ಎಂಬ ಯೋಜನಾ ತಜ್ಞ ನಗರಕ್ಕಾಗಿ ವರದಿಯೊಂದನ್ನು ಬರೆದಿದ್ದ. ಈ ಕಟ್ಟಡಗಳು ಸತ್ತಿಲ್ಲ, ಇವುಗಳಲ್ಲಿನ ಸಣ್ಣ ಕಾರ್ಖಾನೆಗಳು ಕರಿಯರಿಗೆ, ಪೋರ್ಟೊರಿಕೊದವರಿಗೆ ಅನ್ನ ಕೊಡುತ್ತಿವೆ, ಕೆಡವಬೇಡಿ ಎಂದಿದ್ದ. ಕಟ್ಟಡಗಳೇನೋ ಉಳಿದವು. ಆ ಕೆಲಸಗಾರರು ಉಳಿಯಲಿಲ್ಲ. ಅವರ ಹೆಸರಿನಲ್ಲಿ ಬಾಗಿಲಿಗೆ ಯಾವ ಹಲಗೆಯೂ ಬೀಳಲಿಲ್ಲ.

ನಮ್ಮ ಊರಿನಲ್ಲೂ ಸಹಕಾರಿ ಸಂಘವಿತ್ತು. ನೂಲು ಕೊಡುತ್ತಿತ್ತು, ನೇಯ್ದ ಖಣ ಕೊಳ್ಳುತ್ತಿತ್ತು. ಮನೆ ಮಾತ್ರ ಅವರವರದು. ನ್ಯೂಯಾರ್ಕಿನವರದು ಇದಕ್ಕೆ ತಿರುವುಮುರುವು: ಚಿತ್ರ ಅವರವರದು, ಮನೆ ಎಲ್ಲರದು. ಯಾವುದು ಹೆಚ್ಚು ಕಾಲ ಬಾಳುತ್ತದೆಂದು ನಾನು ಬಹಳ ಯೋಚಿಸಿದ್ದೇನೆ. ಒಬ್ಬನನ್ನು ಕಾಪಾಡುವ ಪಾಲುಪತ್ರವೇ ಅವನಿಗೆ ಮಾರುವ ಹಕ್ಕನ್ನೂ ಕೊಡುತ್ತದೆ. ಆ ಹಕ್ಕಿಗೆ ಮೂಗುದಾರ ಹಾಕುವ ದಾರಿಯನ್ನು ಮಚೂನಾಸನಂಥ ಹಟಮಾರಿಯೂ ಉಳಿಸಿಹೋಗಲಿಲ್ಲ.

ಮಾರಿದವರನ್ನು ನಾನು ದೂರುವುದಿಲ್ಲ. ಅಪ್ಪ ಹೋದ ಮೇಲೆ ನಾವು ಅಣ್ಣತಮ್ಮಂದಿರು ಆ ಮನೆಯನ್ನು ಮಾರಿದೆವು. ಕಾಗದಕ್ಕೆ ನಾನೂ ಸಹಿ ಹಾಕಿದ್ದೇನೆ. ಕೊಂಡವರು ಮಗ್ಗದ ಗುಂಡಿಗೆ ಮಣ್ಣು ತುಂಬಿ ಮೇಲೆ ಷಹಾಬಾದಿ ಕಲ್ಲು ಹಾಸಿದರು. ಹೋದ ಸಲ ಊರಿಗೆ ಹೋದಾಗ ಒಳಗೆ ಕರೆದು ಚಹಾ ಕೊಟ್ಟರು. ಕಲ್ಲು ಒಂದು ಕಡೆ ಸ್ವಲ್ಪ ಕುಸಿದಿತ್ತು. ಯಾಕೆ ಹೀಗಾಯಿತೋ ಗೊತ್ತಿಲ್ಲ ಎಂದರು. ನನಗೆ ಗೊತ್ತಿತ್ತು. ಹೇಳಲಿಲ್ಲ.