ನಿಂತುಹೋದ ಅಮೆರಿಕನ್ ಕಾರುಗಳಿಗೆ ಬೆಲೆ ಬರುವುದು ಹೇಗೆ?

ಪ್ಲಿಮತ್ 2001ರಲ್ಲಿ, ಓಲ್ಡ್ಸ್‌ಮೊಬೈಲ್ 2004ರಲ್ಲಿ ನಿಂತಿತು. ಪಾಂಟಿಯಾಕ್ 2010ರಲ್ಲಿ ಬಾಗಿಲು ಹಾಕಿತು. ಕಂಪೆನಿಯೇ ಇಲ್ಲದ ಮೇಲೆ ಹಳೆ ಕಾರಿಗೆ ಚಿನ್ನದ ಬೆಲೆ ಬಂದೇ ಬರುತ್ತದೆ ಅಂತ ಹಲವರ ಲೆಕ್ಕ. ಹಾಗೇನಿಲ್ಲ. ಓಲ್ಡ್ಸ್‌ಮೊಬೈಲ್ ಕಟ್ಲಾಸ್ 1976ರಲ್ಲಿ ಅಮೆರಿಕದಲ್ಲೇ ಅತಿ ಹೆಚ್ಚು ಮಾರಾಟವಾದ ಕಾರು. ಊರು ತುಂಬ ಇದ್ದ ಕಾರಾದ್ದರಿಂದ ಆ ಕಾಲದ ನಾಲ್ಕು ಬಾಗಿಲಿನ ಸಾಧಾರಣ ಕಟ್ಲಾಸ್‌ಗೆ ಈಗಲೂ ದೊಡ್ಡ ರೇಟಿಲ್ಲ.

ಪ್ಲಿಮತ್ ಹೆಮಿ ಕುಡಾದ ಕತೆ ಬೇರೆ. 426 ಕ್ಯೂಬಿಕ್ ಇಂಚಿನ ಹೆಮಿ ಇಂಜಿನ್ ಇದ್ದ ಕನ್ವರ್ಟಿಬಲ್ ಕುಡಾ 1971ರಲ್ಲಿ ತಯಾರಾದದ್ದು 11 ಮಾತ್ರ. ಇನ್ಶೂರೆನ್ಸ್ ದುಬಾರಿಯಾಗಿ ಅಂಥ ಗಾಡಿಗಳಿಗೆ ಆಗ ಗಿರಾಕಿ ಕಡಿಮೆಯಾಗಿದ್ದರು. 2014ರಲ್ಲಿ ಸಿಯಾಟಲ್‌ನ ಹರಾಜಿನಲ್ಲಿ ಅಂಥದೊಂದು 35 ಲಕ್ಷ ಡಾಲರಿಗೆ ಹೋಯಿತು. ಅದೇ ವರ್ಷದ ಆರು ಸಿಲಿಂಡರಿನ ಬಾರಾಕುಡಾ ಹೊರಗಿನಿಂದ ಹೆಚ್ಚುಕಡಿಮೆ ಹಾಗೇ ಕಂಡರೂ ಬೆಲೆಯಲ್ಲಿ ಅದರ ಹತ್ತಿರವೂ ಸುಳಿಯುವುದಿಲ್ಲ.

ಮೋಸ ಹುಟ್ಟುವುದು ಇಲ್ಲೇ ಮಾರಾಯ್ರೆ. 1964 ಮತ್ತು 65ರಲ್ಲಿ ಪಾಂಟಿಯಾಕ್ ಜಿಟಿಒ ಪ್ರತ್ಯೇಕ ಮಾಡೆಲ್ ಆಗಿರಲಿಲ್ಲ. ಲೆಮಾನ್ಸ್ ಕಾರಿಗೆ ಹೆಚ್ಚು ಹಣ ಕೊಟ್ಟು ಹಾಕಿಸಿಕೊಳ್ಳುವ ಪ್ಯಾಕೇಜ್ ಆಗಿತ್ತು. ಹಾಗಾಗಿ ಆ ಎರಡು ವರ್ಷದ ಚೇಸಿಸ್ ನಂಬರ್ ಓದಿದರೆ ಅದು ಜಿಟಿಒ ಹೌದೋ ಅಲ್ಲವೋ ತಿಳಿಯುವುದಿಲ್ಲ. ಮಾಮೂಲಿ ಲೆಮಾನ್ಸ್‌ಗೆ ಬ್ಯಾಡ್ಜು, ಬಾನೆಟ್ಟು, ದೊಡ್ಡ ಇಂಜಿನ್ ಕೂರಿಸಿ ಜಿಟಿಒ ಅಂತ ಮಾರಿದವರಿದ್ದಾರೆ. ಪೇಂಟಿನ ಹೊಳಪಿಗೆ ಮರುಳಾದರೆ ಉಳಿತಾಯದ ದುಡ್ಡು ನೀರಿಗೆ ಹೋಮ. ಫ್ಯಾಕ್ಟರಿ ಬಿಲ್ಲಿನ ದಾಖಲೆಯಲ್ಲಿ ಮಾತ್ರ ಸತ್ಯ ಸಿಗುತ್ತದೆ. ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಅದರ ಪ್ರತಿ ಒದಗಿಸುತ್ತದೆ. 1966ರಿಂದ ಜಿಟಿಒ ಬೇರೆಯೇ ಮಾಡೆಲ್ ಆಯಿತು. ಆ ವರ್ಷದಿಂದ 71ರವರೆಗಿನ ಚೇಸಿಸ್ ನಂಬರ್ 242 ಅಂತ ಶುರುವಾಗುತ್ತದೆ.

ಕಾರಿನ ಜೊತೆ ಹುಟ್ಟಿದ ಇಂಜಿನ್, ಗೇರ್‌ಬಾಕ್ಸ್ ಈಗಲೂ ಅದರಲ್ಲೇ ಇದ್ದರೆ ಬೆಲೆ ಏರುತ್ತದೆ. ಬದಲಾಯಿಸಿದ್ದರೆ, ಹೊಸದು ಎಷ್ಟೇ ಚೆನ್ನಾಗಿ ಓಡಲಿ, ಇಳಿಯುತ್ತದೆ. ಸ್ಪೇರ್ ಪಾರ್ಟ್ಸ್ ವಿಷಯದಲ್ಲಿ ಜಿಟಿಒಗೆ ತೊಂದರೆ ಕಡಿಮೆ, ಷೆವರ್ಲೆ ಷೆವೆಲ್‌ಗೂ ಇದಕ್ಕೂ ಅಡಿಪಾಯ ಒಂದೇ.

ಇನ್ನು ತುಕ್ಕು. ಕಡಲ ಗಾಳಿಗೆ ಬೈಕಿನ ಸೈಲೆನ್ಸರ್ ತಿಂದುಹೋಗುವುದನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಅಮೆರಿಕದ ಉತ್ತರದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ಕಾರಿನ ಅಡಿಭಾಗವನ್ನು ತಿನ್ನುತ್ತದೆ. ಅದಕ್ಕೇ ಅರಿಝೋನದಂಥ ಒಣ ಸೀಮೆಯಲ್ಲಿದ್ದ ಗಾಡಿಗೆ ಬೇಡಿಕೆ ಜಾಸ್ತಿ. ಅಲ್ಲಿನ ಬಿಸಿಲಿಗೆ ಪೇಂಟ್ ಮಾಸಿರಬಹುದು. ಆದರೆ ಫ್ಯಾಕ್ಟರಿಯ ಮೂಲ ಪೇಂಟ್ ಅಂದರೆ ಜೀವ ಬಿಡುವ ಗಿರಾಕಿಗಳಿದ್ದಾರೆ. ಒಮ್ಮೆ ಕೆರೆದು ಹೊಸದು ಹೊಡೆಸಿದರೆ ಅದನ್ನು ವಾಪಸ್ ತರಲಿಕ್ಕಾಗದು.